ಮೊದಲ ಸ್ಕ್ಯಾನಿಂಗ್ ರಿಪೋರ್ಟನ್ನು ಜೋಪಾನವಾಗಿ ಇಡಿ

ಉಡುಪಿಯಲ್ಲಿ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡುತ್ತಾ ನನಗೆ ಹದಿನೇಳು ವರ್ಷ ಆಯಿತು. ಹೊಟ್ಟೆಗೆ ಜೆಲ್ ಹಚ್ಚುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ, ಕೊನೆಯ ಸಲ ಮುಟ್ಟಾದದ್ದು ಯಾವತ್ತು ಅಂತ. ತಾರೀಕು ಥಟ್ಟನೆ ಹೇಳುವವರು ಕಡಿಮೆ. ಆದರೆ ನಮ್ಮ ಕಡೆಯವರಿಗೆ ಹಬ್ಬ ನೆನಪಿರುತ್ತದೆ. "ವಿಟ್ಲಪಿಂಡಿಗೆ ಮಠಕ್ಕೆ ಹೋಗ್ಲಿಕ್ಕೆ ಆಗ್ಲಿಲ್ಲ ಡಾಕ್ಟ್ರೇ, ಹಿಂದಿನ ದಿನವೇ ಆಗಿತ್ತು" ಅನ್ನುತ್ತಾರೆ. ಇನ್ನೊಬ್ಬರಿಗೆ ಮನೆಯ ನೇಮ, ಮತ್ತೊಬ್ಬರಿಗೆ ತಂಗಿಯ ಮದುವೆಯ ಮೆಹಂದಿ. ಅದಕ್ಕೇ ಮೆಷಿನ್ ಪಕ್ಕ ಕ್ಯಾಲೆಂಡರ್ ನೇತು ಹಾಕಿದ್ದೇನೆ, ಹೋದ ವರ್ಷದ್ದನ್ನೂ ತೆಗೆದಿಲ್ಲ.

ಆದರೂ ಆ ದಿನವನ್ನು ಪೂರ್ತಿ ನಂಬುವ ಹಾಗಿಲ್ಲ. ಕೆಲವರಿಗೆ ತಿಂಗಳು ಸರಿಯಾಗಿ ಆಗುವುದಿಲ್ಲ, ಕೆಲವರು ಮಕ್ಕಳಾಗದ ಹಾಗೆ ತೆಗೆದುಕೊಳ್ಳುವ ಮಾತ್ರೆ ನಿಲ್ಲಿಸಿದ ತಕ್ಷಣ ಬಸುರಿಯಾಗಿರುತ್ತಾರೆ, ಇನ್ನು ಕೆಲವರು ಮೊದಲನೇ ಮಗುವಿಗೆ ಹಾಲು ಕೊಡುತ್ತಿರುವಾಗಲೇ. ಹಾಗಾಗಿ 7ರಿಂದ 9 ವಾರದೊಳಗೆ ಒಂದು ಸ್ಕ್ಯಾನಿಂಗ್ ಬೇಕು. ಗರ್ಭ ಟ್ಯೂಬಿನಲ್ಲಿ ನಿಂತಿಲ್ಲ ತಾನೇ, ಮಗು ಒಂದೋ ಎರಡೋ, ಹೃದಯ ಬಡಿಯುತ್ತಿದೆಯಾ, ಇದೆಲ್ಲ ಆಗಲೇ ಗೊತ್ತಾಗುತ್ತದೆ. ಆಮೇಲೆ ಮಗುವಿನ ನೆತ್ತಿಯಿಂದ ಬೆನ್ನಿನ ತುದಿಯವರೆಗೆ ಅಳೆಯುತ್ತೇನೆ. ಇದಕ್ಕೆ ನಾವು ಸಿಆರ್‌ಎಲ್ ಅನ್ನುತ್ತೇವೆ. 8 ವಾರದ ಮಗು ಸುಮಾರು 16 ಮಿಲಿಮೀಟರ್, ಹೆಬ್ಬೆರಳಿನ ಉಗುರಿನಷ್ಟು. ಆ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ, ಹಾಗಾಗಿ ಲೆಕ್ಕ ತಪ್ಪಿದರೂ ಐದಾರು ದಿನ ಅಷ್ಟೆ. ತಿಂಗಳು ತುಂಬುತ್ತಾ ಬಂದ ಮೇಲೆ ಹಾಗಲ್ಲ. ಅಪ್ಪ ಅಮ್ಮನ ಮೈಕಟ್ಟು, ತಾಯಿಯ ಬಿಪಿ, ಶುಗರ್, ಮಾಸು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ, ಎಲ್ಲವೂ ಮಗುವಿನ ಗಾತ್ರದಲ್ಲಿ ಸೇರಿಕೊಳ್ಳುತ್ತದೆ. ಎಂಟನೇ ತಿಂಗಳಲ್ಲಿ ಅಳೆದು ವಾರ ಹೇಳಿದರೆ ಮೂರು ವಾರ ಆಚೆ ಈಚೆ ಆಗಬಹುದು.

ಇದು ನನಗೆ ಓದಿನಿಂದ ಗೊತ್ತಿತ್ತು. ಮನಸ್ಸಿಗೆ ನಾಟಿದ್ದು ಕೆಲಸ ಶುರು ಮಾಡಿದ ಎರಡನೇ ಮಳೆಗಾಲದಲ್ಲಿ. ಬಾರ್ಕೂರಿನ ಹತ್ತಿರದಿಂದ ಒಬ್ಬರು ಗಂಡನ ಜೊತೆ ಬಂದಿದ್ದರು. ಮುಟ್ಟಾದ ದಿನ ನೆನಪಿಲ್ಲ, ಹಳೆ ರಿಪೋರ್ಟ್ ಮನೆಯಲ್ಲಿದೆ. ತಲೆ, ಹೊಟ್ಟೆ, ತೊಡೆಮೂಳೆ ಅಳೆದೆ. ಮೆಷಿನ್ 30 ವಾರ ಅಂತ ಲೆಕ್ಕ ಕೊಟ್ಟಿತು, ಹೆರಿಗೆಯ ತಾರೀಕನ್ನೂ ತಾನೇ ಹಾಕಿತು. ಮಗು ಅಲ್ಲಾಡುತ್ತಿತ್ತು, ಹೃದಯ ನಿಮಿಷಕ್ಕೆ 140. ರಿಪೋರ್ಟ್ ಟೈಪ್ ಮಾಡಿಯೂ ಆಗಿತ್ತು. ಆದರೆ ತಲೆಗೆ ಹೋಲಿಸಿದರೆ ಮಗುವಿನ ಹೊಟ್ಟೆಯ ಸುತ್ತಳತೆ ಕಡಿಮೆ ಇತ್ತು, ಮಗುವಿನ ಸುತ್ತಲಿನ ನೀರೂ ಸ್ವಲ್ಪ ಕಡಿಮೆ. ಪ್ರಿಂಟ್ ಕೊಡಲು ಕೈ ಬರಲಿಲ್ಲ. "ಆ ಹಳೇ ರಿಪೋರ್ಟ್ ತರ್ಲಿಕ್ಕೆ ಆಗ್ತದಾ?" ಅಂತ ಗಂಡನನ್ನು ಕೇಳಿದೆ. ಅವರು ಒಂದು ಮಾತೂ ಆಡದೆ ಆ ಮಳೆಯಲ್ಲಿ ಬೈಕಿನಲ್ಲಿ ಹೊರಟರು.

ಒಂದೂವರೆ ಗಂಟೆ ಬಿಟ್ಟು ರೈನ್‌ಕೋಟಿನ ಒಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ತಾಯಿ ಕಾರ್ಡ್, ಅದರ ಮಡಿಕೆಯಲ್ಲಿ ಸ್ಕ್ಯಾನಿಂಗ್‌ನ ಪುಟ್ಟ ಚಿತ್ರ. ಆ ಕಾಗದದ ಅಚ್ಚು ದಿನ ಹೋದಂತೆ ಮಾಸುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದಾಗ ಮೂಲೆಯಲ್ಲಿ ತಾರೀಕು, ಕೆಳಗೆ ಸಿಆರ್‌ಎಲ್ 16 ಮಿ.ಮೀ. ಕಂಡಿತು. ಅಲ್ಲಿಂದ ಎಣಿಸಿದರೆ ಆ ದಿನಕ್ಕೆ 33 ವಾರ. ಅಂದರೆ 30 ವಾರದ ಸರಿಯಾದ ಮಗು ಅಲ್ಲ ಅದು, 33 ವಾರ ಆಗಿಯೂ ಬೆಳೆಯದೆ ನಿಂತ ಮಗು.

ಅವರನ್ನು ಮತ್ತೆ ಮಲಗಿಸಿ ಹೊಕ್ಕುಳಬಳ್ಳಿಯ ಡಾಪ್ಲರ್ ಮಾಡಿದೆ, ಅಂದರೆ ಅದರಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನಿಂಗ್. ಮಾಸಿನ ಕಡೆಗೆ ರಕ್ತ ಕಷ್ಟದಲ್ಲಿ ಹೋಗುತ್ತಿತ್ತು. ಅವರ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅಡ್ಮಿಟ್ ಮಾಡಿದರು, ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟರು, ವಾರಕ್ಕೆ ಎರಡು ಸಲ ಡಾಪ್ಲರ್ ನೋಡಿ ನೋಡಿ 36ನೇ ವಾರದಲ್ಲಿ ಸಿಸೇರಿಯನ್. 1 ಕಿಲೋ 900 ಗ್ರಾಂ. ಮಗು ಅತ್ತಿತು ಅಂತ ಫೋನ್ ಬಂದಾಗ ನಾನು ಇನ್ನೊಬ್ಬರ ಸ್ಕ್ಯಾನಿಂಗ್ ಮಾಡುತ್ತಿದ್ದೆ, ಕಣ್ಣು ತುಂಬಿಬಂತು.

ಆವತ್ತಿನಿಂದ ಮೆಷಿನ್ ಹಾಕುವ ಹೊಸ ಹೆರಿಗೆ ತಾರೀಕನ್ನು ನನ್ನ ರಿಪೋರ್ಟಿನಲ್ಲಿ ಹೆರಿಗೆಯ ದಿನ ಅಂತ ಬರೆಯುವುದಿಲ್ಲ. ಮೊದಲ ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ಗೊತ್ತಾದ ತಾರೀಕೇ ಕೊನೆಯ ತನಕ. ಮೂರು ರಿಪೋರ್ಟಿನಲ್ಲಿ ಮೂರು ತಾರೀಕು ನೋಡಿ ಗಾಬರಿಯಾಗುವವರು ಎಷ್ಟೋ ಜನ, ಅಲ್ವಾ? ತಾರೀಕು ಬದಲಾಗಿಲ್ಲ, ಮಗುವಿನ ಅಳತೆ ಹೆಚ್ಚುಕಡಿಮೆ ಆಗಿದೆ. ಯಾಕೆ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಐದನೇ ತಿಂಗಳ ಸ್ಕ್ಯಾನಿಂಗನ್ನೂ ಮುಂದೂಡಬೇಡಿ. ಅದು 18ರಿಂದ 20 ವಾರದಲ್ಲಿ ಆಗಬೇಕು. ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ತುಟಿ, ಕಿಡ್ನಿ ಒಂದೊಂದಾಗಿ ನೋಡಲು ಅರ್ಧ ಗಂಟೆ ಬೇಕು. ಮಗು ಬೆನ್ನು ತಿರುಗಿಸಿ ಮಲಗಿದ್ದರೆ "ಸ್ವಲ್ಪ ನಡೆದು ಬನ್ನಿ" ಅಂತ ಕಳಿಸುತ್ತೇನೆ. ಸೀಮಂತ ಮುಗಿಸಿ ಏಳನೇ ತಿಂಗಳಲ್ಲಿ ಬಂದರೆ ದೊಡ್ಡ ತೊಂದರೆ ಕಂಡರೂ ತೀರ್ಮಾನಕ್ಕೆ ಸಮಯ ಉಳಿಯುವುದಿಲ್ಲ. 2021ರಲ್ಲಿ ಕಾನೂನು ತಿದ್ದಿದ ಮೇಲೂ ಗರ್ಭ ತೆಗೆಸುವುದಕ್ಕೆ ಕೆಲವು ಸಂದರ್ಭಗಳಲ್ಲಿ ಮಾತ್ರ 24 ವಾರದ ತನಕ ಅವಕಾಶ. ಅದು ದಾಟಿದರೆ ಮೆಡಿಕಲ್ ಬೋರ್ಡಿನ ಮುಂದೆ ಹೋಗಬೇಕು.

ಸ್ಕ್ಯಾನಿಂಗ್‌ನಿಂದ ಮಗುವಿಗೆ ಹಾನಿಯಾ ಅಂತ ಅತ್ತೆಯಂದಿರು ಕೇಳುತ್ತಾರೆ. ಇದು ಎಕ್ಸ್‌ರೇ ಅಲ್ಲ, ಕಿವಿಗೆ ಕೇಳದ ಶಬ್ದ. ಹಾಗಂತ ಸುಮ್ನೆ ಮಾಡಿಸುವುದೂ ಬೇಡ. ಮೊದಲ ತಿಂಗಳುಗಳಲ್ಲಿ ಹೃದಯದ ಬಡಿತ ಎಣಿಸಲು ನಾನು ಡಾಪ್ಲರ್ ಹಾಕುವುದಿಲ್ಲ, ಅದರ ಶಕ್ತಿ ಜಾಸ್ತಿ. ಎಂ‑ಮೋಡ್ ಸಾಕು, ಅದು ಬಡಿತವನ್ನು ಗೆರೆಯಾಗಿ ತೋರಿಸುತ್ತದೆ. ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ. 1994ರ ಕಾನೂನು ಹೇಳಬಾರದು ಅನ್ನುತ್ತದೆ, ಕಾನೂನು ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ.

ಈಗ ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುವಾಗಲೇ ನಮ್ಮ ಹುಡುಗಿ ಹೇಳುತ್ತಾಳೆ: ಮೊದಲನೇ ರಿಪೋರ್ಟ್ ತನ್ನಿ, ಆ ಚಿಕ್ಕ ಚಿತ್ರದ ಫೋಟೋ ಇವತ್ತೇ ಮೊಬೈಲಿನಲ್ಲಿ ತೆಗೆದಿಡಿ, ತಾರೀಕು ಮತ್ತು ಅಳತೆ ಕಾಣುವ ಹಾಗೆ.