ಸಾಣೆ ಮಷೀನಿನ ರಬ್ಬರ್ ಗಾಲಿ ಜಾರುತ್ತಿದ್ದಾಗ ನಾನು ಮಾಡಿದ್ದು

ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಹತ್ತಿರ ನನ್ನ ಬಡಗಿ ಶೆಡ್ ಇದೆ. ಸಾಗವಾನಿ ಬಾಗಿಲು, ಚೌಕಟ್ಟು ಮಾಡುತ್ತೇವೆ. ಉಳಿ, ರಂದಾ ಬ್ಲೇಡ್ ಎಲ್ಲವನ್ನೂ ನೀರಿನ ಸಾಣೆ ಮಷೀನಿನಲ್ಲೇ ಹರಿತ ಮಾಡುವುದು. ಸ್ವೀಡನ್ನಿನ ಟಾರ್ಮೆಕ್ ಮಾದರಿಯದು, ಆದರೆ ಬೇರೆ ಕಂಪನಿಯದು. 250 ಮಿಲಿಮೀಟರ್ ಕಲ್ಲು, ಕೆಳಗೆ ನೀರಿನ ತೊಟ್ಟಿ. ಒಣ ಗ್ರೈಂಡರ್‌ನಲ್ಲಿ ಸ್ವಲ್ಪ ಮೈಮರೆತರೂ ಉಳಿಯ ತುದಿ ನೀಲಿ ಆಗಿ ಹದ ಹೋಗುತ್ತದೆ, ಇದರಲ್ಲಿ ಆ ಭಯ ಇಲ್ಲ.

ಮಷೀನಿನೊಳಗೆ ಬೆಲ್ಟ್ ಇಲ್ಲ, ಗೇರ್ ಇಲ್ಲ. ಮೋಟಾರಿನ ಬೆರಳು ದಪ್ಪದ ಶಾಫ್ಟ್ ರಬ್ಬರ್ ಗಾಲಿಯ ಅಂಚಿಗೆ ಒತ್ತಿಕೊಂಡು ಅದನ್ನು ತಿರುಗಿಸುತ್ತದೆ, ಅಷ್ಟೇ. ಗಾಲಿಯೂ ಕಲ್ಲೂ ಒಂದೇ ಅಚ್ಚಿನ ಮೇಲಿರುವುದರಿಂದ ಕಲ್ಲೂ ಜೊತೆಗೆ ತಿರುಗುತ್ತದೆ. ಮೋಟಾರ್ ನಿಮಿಷಕ್ಕೆ 1400 ಸುತ್ತಿನ ಆಸುಪಾಸು, ಕಲ್ಲು ನೂರರ ಆಸುಪಾಸು. ಅಂದರೆ ಇಡೀ ಮಷೀನಿನ ಬಲ ನಿಂತಿರುವುದು ಶಾಫ್ಟ್ ಮತ್ತು ರಬ್ಬರ್ ಕೂಡುವ ಆ ಸಣ್ಣ ಗೆರೆಯ ಮೇಲೆ.

ಶರಣಬಸವೇಶ್ವರ ಜಾತ್ರೆ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ನಮ್ಮ ಹುಡುಗ ಅಗಲದ ರಂದಾ ಬ್ಲೇಡ್ ಹಿಡಿದುಕೊಂಡು ಕೂಗಿದ, “ಅಣ್ಣಾ, ಮೋಟಾರ್ ಗುಂಯ್ ಅನ್ನಲಾಕತ್ತದ, ಕಲ್ಲ ನಿಂದರಲಾಕತ್ತದ!” ಇಂಥ ಹೊತ್ತಿನಲ್ಲಿ ಮೊದಲು ಎರಡೂ ಕಡೆ ನೋಡಬೇಕು. ರಬ್ಬರ್ ಗಾಲಿ ತಿರುಗುತ್ತಿದ್ದು ಕಲ್ಲು ಮಾತ್ರ ನಿಂತರೆ ಕಲ್ಲಿನ ನಟ್ ಸಡಿಲ ಆಗಿದೆ ಅಂತ ಅರ್ಥ. ರಬ್ಬರ್ ಗಾಲಿಯೂ ನಿಂತರೆ ಶಾಫ್ಟ್ ಜಾರುತ್ತಿದೆ. ನಮ್ಮದು ಎರಡನೆಯದು.

ಒತ್ತಡ ಸಾಲುತ್ತಿಲ್ಲ ಅಂದುಕೊಂಡೆ. ಮೋಟಾರ್ ತನ್ನ ಭಾರದಿಂದಲೇ ಗಾಲಿಗೆ ಒತ್ತುವುದು, ಹಾಗಾಗಿ ಅದಕ್ಕೆ ಎರಡು ಕಿಲೋ ಕಬ್ಬಿಣದ ತುಂಡು ಕಟ್ಟಿದೆ. ನಾಲ್ಕು ದಿನ ಚೆನ್ನಾಗಿ ನಡೆಯಿತು. ಆಮೇಲೆ ಕೆಳಗಿನ ಫರ್ಸಿ ಮೇಲೆ ಕರಿ ಎಳ್ಳಿನಂಥ ರಬ್ಬರ್ ಪುಡಿ ಉದುರಲು ಶುರುವಾಯಿತು. ಅದನ್ನು ಬಿಟ್ಟು ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ರಬ್ಬರ್ ಒರೆಸಿದೆ. ಅದು ಇನ್ನೂ ದೊಡ್ಡ ತಪ್ಪು. ಚಿಮಣಿ ಎಣ್ಣೆ, ಪೆಟ್ರೋಲ್ ಎರಡೂ ರಬ್ಬರಿಗೆ ಆಗಿಬರುವುದಿಲ್ಲ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮರುದಿನ ಬೆರಳಿಟ್ಟರೆ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು.

ಲೇಥ್ ಅಂಗಡಿಯ ಕಾಕಾಗೆ ತೋರಿಸಿದೆ. ಗಾಲಿ ಹೊರಳಿಸಿ ನೋಡಿ ಹೇಳಿದರು, “ಭಾರ ಹಾಕಬ್ಯಾಡೋ ತಮ್ಮಾ, ಎಣ್ಣಿ ಎಲ್ಲಿಂದ ಬರ್ತದ ಮೊದಲ ನೋಡು.” ಎಣ್ಣೆ ಬರುತ್ತಿದ್ದದ್ದು ಪಕ್ಕದ ತೊಗಲಿನ ಗಾಲಿಯಿಂದ, ಅಂದರೆ ಸಾಣೆ ಹಿಡಿದ ಅಂಚನ್ನು ಕೊನೆಗೆ ಪಾಲಿಶ್ ಮಾಡುವ ಗಾಲಿಯಿಂದ! ಪಾಲಿಶ್ ಪೇಸ್ಟ್ ಹಚ್ಚುವ ಮೊದಲು ತೊಗಲಿಗೆ ನಾನು ಕೈತುಂಬ ಎಣ್ಣೆ ಸುರಿಯುತ್ತಿದ್ದೆ. ಜಾಸ್ತಿ ಆದದ್ದು ಬದಿಯಿಂದ ಇಳಿದು ರಬ್ಬರಿಗೆ ಸೇರುತ್ತಿತ್ತು. ಇನ್ನೊಂದು ಕಡೆ ಕಲ್ಲಿನ ಕೆಸರು ನೀರು. ಅದೂ ನಮ್ಮ ಬೋರ್‌ವೆಲ್ ಗಡಸು ನೀರು, ಒಣಗಿದರೆ ಬಿಳಿ ಸುಣ್ಣ ಬಿಟ್ಟು ಹೋಗುತ್ತದೆ.

ಆ ಗಾಲಿ ಕೆಟ್ಟಿತ್ತು, ಹೊಸದು ತರಿಸಿದೆ. ಈಗ ತಿಂಗಳಿಗೊಮ್ಮೆ ಹೀಗೆ ಮಾಡುತ್ತೇನೆ. ಪ್ಲಗ್ ಕಿತ್ತು, ತೊಗಲಿನ ಗಾಲಿ ಬಿಚ್ಚಿಡುತ್ತೇನೆ. ರಬ್ಬರನ್ನು ಸೋಪು ನೀರಿನ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡುತ್ತೇನೆ. ಆಗ ಬೆಳಕಿಗೆ ಹಿಡಿದರೆ ಶಾಫ್ಟ್ ಉಜ್ಜಿದ ಜಾಗ ಕನ್ನಡಿ ಹಾಗೆ ಹೊಳೆಯುತ್ತದೆ, ಎಣ್ಣೆಯ ಹಾಗೆ ಆ ಹೊಳಪೂ ಜಾರುವುದಕ್ಕೆ ಕಾರಣ. 80 ನಂಬರ್ ಪಾಲಿಶ್ ಪೇಪರನ್ನು ಚಪ್ಪಟೆ ಕಟ್ಟಿಗೆಗೆ ಸುತ್ತಿ, ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಕೈಯಿಂದ ತಿರುಗಿಸುತ್ತಾ ಒಂದು ಸುತ್ತು ಸಮನಾಗಿ ಉಜ್ಜುತ್ತೇನೆ. ಹೊಳಪು ಹೋಗಿ ಮಂಕಾದರೆ ಸಾಕು, ಒಂದೇ ಕಡೆ ಉಜ್ಜಿದರೆ ಗಾಲಿ ಗುಂಡಗೆ ಉಳಿಯುವುದಿಲ್ಲ. ಮೋಟಾರ್ ಚಾಲೂ ಇಟ್ಟು ಇದನ್ನು ಮಾಡಲೇಬೇಡಿ, ಶಾಫ್ಟ್ ಮತ್ತು ರಬ್ಬರ್ ನಡುವೆ ಬೆರಳು ಎಳೆದುಕೊಳ್ಳುತ್ತದೆ. ಶಾಫ್ಟ್ ಮೇಲೂ ಕರಿ ಪದರ ಕೂತಿರುತ್ತದೆ, ಅದನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ತೆಗೆಯಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ. ತೊಗಲಿಗೆ ಈಗ ನಾಲ್ಕೈದು ಹನಿ ಎಣ್ಣೆ ಅಷ್ಟೇ, ಅದನ್ನೂ ಬೆರಳಿಂದ ಸವರುತ್ತೇನೆ.

ಕೆಲಸ ಮುಗಿದ ಮೇಲೆ ತೊಟ್ಟಿ ಇಳಿಸಲೇಬೇಕು. ಇಲ್ಲದಿದ್ದರೆ ಕಲ್ಲು ಒಂದೇ ಕಡೆ ನೀರು ಕುಡಿದು ಭಾರ ಆಗುತ್ತದೆ, ಬೆಳಿಗ್ಗೆ ಮಷೀನ್ ಎಳೆದಾಡುತ್ತದೆ.

ಇನ್ನೊಂದು ತೊಂದರೆ ನಮ್ಮ ಬಿಸಿಲಿನದು. ಮೇ ತಿಂಗಳಲ್ಲಿ ಹೊರಗೇ 43 ಡಿಗ್ರಿ ದಾಟಿದರೆ ತಗಡಿನ ಶೆಡ್ ಒಳಗೆ ಹೇಗಿರುತ್ತದೆ ಹೇಳಿ. ಹಬ್ಬಕ್ಕೆ ಅಂಗಡಿ ಮುಚ್ಚಿ ನಾಲ್ಕು ದಿನ ಬಿಟ್ಟು ಬಂದಾಗ ಮೋಟಾರಿನ ಭಾರ ಒಂದೇ ಕಡೆ ಕೂತು ರಬ್ಬರಿನಲ್ಲಿ ಸಣ್ಣ ಗುಳಿ ಬಿದ್ದಿತ್ತು. ಕಲ್ಲಿನ ಪ್ರತಿ ಸುತ್ತಿಗೂ ದಡ್ ಅನ್ನುವ ಸದ್ದು. ಅವತ್ತೇ ಸಾಗವಾನಿ ಚೂರಿನಲ್ಲಿ ಒಂದು ಬೆಣೆ ಕೆತ್ತಿದೆ. ಅದನ್ನು ಮೋಟಾರಿನ ಕೆಳಗೆ ತೂರಿಸಿದರೆ ಶಾಫ್ಟ್ ರಬ್ಬರಿನಿಂದ ಒಂದು ಕೂದಲೆಳೆ ದೂರ ನಿಲ್ಲುತ್ತದೆ. ಬೆಣೆಗೆ ಕೆಂಪು ಬಟ್ಟೆ ಕಟ್ಟಿದ್ದೇನೆ, ಬೆಳಿಗ್ಗೆ ತೆಗೆಯದೆ ಸ್ವಿಚ್ ಒತ್ತಬಾರದು ಅಂತ. ಹುಡುಗ ಈಗ ಸಂಜೆ ಕಸ ಗುಡಿಸುವ ಮೊದಲು ಬೆಣೆ ಹಾಕಿಯೇ ಹಾಕುತ್ತಾನೆ.