ಚರಂಡಿ ನೀರಿಗೆ ಇಳಿಯೋ ಮೊದಲು ಹಿಮ್ಮಡಿ ನೋಡ್ಕೊಳ್ಳಿ

ಮಳೆ ಸ್ವಲ್ಪ ಬಿಟ್ಟ ಕೂಡ್ಲೆ ಕಾಸರಗೋಡು ಪೇಟೆಯಲ್ಲಿ ಅಂಗಡಿ ಇರೋರು ಗೋಡೌನ್ ಬಾಗಿಲು ತೆಗೆದು, ಲುಂಗಿ ಮೇಲೆ ಕಟ್ಟಿ, ಬರಿಗಾಲಲ್ಲೇ ನಿಂತ ನೀರು ಬಳಿಯೋಕೆ ಶುರು ಮಾಡ್ತಾರೆ. ನನ್ನ ಭಾವನೂ ಹಾಗೇ ಮಾಡಿದ್ರು, ಹಿಮ್ಮಡಿ ಬಿರುಕು ಬಿಟ್ಟಿತ್ತು, ಅದ್ರೊಳಗೆಲ್ಲ ಕೆಸರು. ಎಂಟು ದಿನ ಕಳೆದು ಜ್ವರ, ಮೀನಖಂಡ ಮುಟ್ಟಿದ್ರೆ ಕೂಗುವಷ್ಟು ನೋವು, ಕಣ್ಣು ಕೆಂಪು. ನಾವು ಬರೀ ಮಳೆಗಾಲದ ಜ್ವರ ಅಂತ ಪ್ಯಾರಸಿಟಮಾಲ್ ಕೊಟ್ಟು ಮೂರು ದಿನ ಮಲಗಿಸಿದೆವು. ಅದು ಇಲಿಜ್ವರ, ಇಲ್ಲಿ ಮಲಯಾಳಂ ಪೋಸ್ಟರಲ್ಲಿ ಎಲಿಪ್ಪನಿ ಅಂತ ಇರ್ತದಲ್ಲ, ಅದೇ. ಗುಣ ಆದ್ರು, ಆದ್ರೆ ಆ ಮೂರು ದಿನ ನೆನೆಸಿದ್ರೆ ಈಗ್ಲೂ ಹೊಟ್ಟೆಯೊಳಗೆ ಹೆದರಿಕೆ.

ಈ ಜ್ವರ ತರೋ ಲೆಪ್ಟೋಸ್ಪೈರಾ ಅನ್ನೋ ಸುರುಳಿ ಬ್ಯಾಕ್ಟೀರಿಯಾ ಇಲಿ, ಹೆಗ್ಗಣದ ಕಿಡ್ನಿಯಲ್ಲಿ ಇರ್ತದೆ, ಇಲಿಗೆ ಏನೂ ಆಗೋದಿಲ್ಲ, ಮೂತ್ರದಲ್ಲಿ ಹೊರಗೆ ಬರ್ತಾನೇ ಇರ್ತದೆ. ಒದ್ದೆ ಮಣ್ಣು, ನಿಂತ ನೀರಲ್ಲಿ ವಾರಗಟ್ಟಲೆ ಬದುಕ್ತದೆ, ಒಣಗಿದ್ರೆ ಬೇಗ ಸಾಯ್ತದೆ. ನಮ್ಮೊಳಗೆ ಬರೋದು ಗಾಯ, ಕಾಲಿನ ಬಿರುಕು, ಕಣ್ಣು, ಮೂಗು, ಬಾಯಿ ಮೂಲಕ. 2018ರ ನೆರೆ ಇಳಿದ ಮೇಲೆ ಕೇರಳದಲ್ಲಿ ಇದು ಹರಡಿದ್ದು ನೆನಪುಂಟಲ್ಲ.

ಹಾಗಾಗಿ ಮೊದಲ ಕೆಲಸ ಪೊರಕೆ ಹಿಡಿಯೋದಲ್ಲ, ಕಾಲು ನೋಡೋದು. ಗಾಯ ಇದ್ರೆ ನೀರು ಹೋಗದ ಬ್ಯಾಂಡೇಜ್ ಹಾಕಿ, ಮೊಣಕಾಲುದ್ದದ ಗಂಬೂಟು, ರಬ್ಬರ್ ಗ್ಲೌಸ್ ಹಾಕಿಯೇ ಇಳೀರಿ. ಗಾಯ ದೊಡ್ಡದಿದ್ರೆ ನೀವು ಇಳಿಯೋದೇ ಬೇಡ, ಬೇರೆಯವರು ಮಾಡ್ಲಿ.

ಗೋಣಿ ಮೂಟೆ ಹಿಂದೆ ಅಕ್ಕಿಕಾಳಿನ ಹಾಗೆ ಕಪ್ಪು ಹಿಕ್ಕೆ ಇರ್ತದೆ, ಒಣ ಪೊರಕೆಯಲ್ಲಿ ಗುಡಿಸ್ಬೇಡಿ, ಧೂಳು ಮುಖಕ್ಕೇ ಬರ್ತದೆ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಬ್ಲೀಚಿಂಗ್ ಪೌಡರ್ ಕಲಸಿ ಚೆಲ್ಲಿ, ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ಒರೆಸಿ ತೆಗೀರಿ. ಬಾಗಿಲು ಕಿಟಕಿ ತೆರೆದಿರ್ಲಿ. ಅದಕ್ಕೆ ಆ್ಯಸಿಡ್ಡೋ ಟಾಯ್ಲೆಟ್ ಕ್ಲೀನರ್ರೋ ಸೇರಿಸ್ಲೇಬೇಡಿ, ವಿಷಗಾಳಿ ಏಳ್ತದೆ. ಸತ್ತ ಇಲಿ ಸಿಕ್ಕಿದ್ರೂ ಗ್ಲೌಸಿಲ್ಲದೆ ಬಾಲ ಹಿಡಿದು ಎತ್ತೋದು ಬೇಡ.

ಕೆಲಸ ಮುಗಿದ ಮೇಲೆ ಸೋಪು ಹಾಕಿ ಸ್ನಾನ, ಬಟ್ಟೆ ಬಿಸಿಲಿಗೆ. ಮೀನು, ಮಾಂಸ, ಅನ್ನದ ಕಸ ರಾತ್ರಿ ಹೊರಗೆ ಇಡೋದು ನಿಲ್ಲಿಸ್ಬೇಕು, ಅದು ಇರೋವರೆಗೆ ಎಷ್ಟು ಬೋನು ಇಟ್ರೂ ಇಲಿ ಬರ್ತಾನೇ ಇರ್ತದೆ. ಗೋಡೆ ತೂತು ಸಿಮೆಂಟ್ ಹಾಕಿ ಮುಚ್ಚಿ, ಮೂಟೆ ನೆಲದಿಂದ ಎತ್ತರಕ್ಕೆ ಹಲಗೆ ಮೇಲೆ ಇಡಿ.

ದಿನಾ ಇಂಥ ನೀರಲ್ಲೇ ಕೆಲಸ ಮಾಡೋರಿಗೆ ಮುಂಜಾಗ್ರತೆಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ 200 ಮಿಲಿಗ್ರಾಂ ಕೊಡೋದುಂಟು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಗರ್ಭಿಣಿಯರು, ಸಣ್ಣ ಮಕ್ಕಳಿಗೆ ಇದು ಆಗೋದಿಲ್ಲ, ಹಾಗಾಗಿ ಡಾಕ್ಟ್ರನ್ನು ಕೇಳದೆ ಮೆಡಿಕಲ್ ಶಾಪಿಂದ ತಂದು ಮನೆಯವರಿಗೆಲ್ಲ ಹಂಚ್ಬೇಡಿ.

ನೀರಿಗೆ ಇಳಿದ ದಿನವನ್ನು ಕ್ಯಾಲೆಂಡರಲ್ಲಿ ಬರೆದಿಡಿ. ಹೆಚ್ಚಾಗಿ 5ರಿಂದ 14 ದಿನದೊಳಗೆ, ಕೆಲವೊಮ್ಮೆ ಒಂದು ತಿಂಗಳೊಳಗೆ ಯಾವಾಗ ಬೇಕಾದ್ರೂ ಜ್ವರ ಬರ್ಬಹುದು. ಜ್ವರದ ಜೊತೆ ಮೀನಖಂಡ, ಸೊಂಟ ನೋವು, ಕೆಂಪು ಕಣ್ಣು ಇದ್ರೆ ಅವತ್ತೇ ಹೋಗಿ. ಕಣ್ಣು ಹಳದಿ ಆಗೋವರೆಗೆ, ಮೂತ್ರ ಕಡಿಮೆ ಆಗೋವರೆಗೆ ಕಾಯ್ಬೇಡಿ, ಅಷ್ಟೊತ್ತಿಗೆ ಲಿವರ್, ಕಿಡ್ನಿಗೆ ಪೆಟ್ಟು ಬಿದ್ದಿರ್ತದೆ. ಡಾಕ್ಟ್ರ ಎದುರು ಕೂತು ಮೊದಲು ಹೇಳ್ಬೇಕಾದ್ದು, ಇಂಥ ದಿನ ಚರಂಡಿ ನೀರಿಗೆ ಇಳಿದಿದ್ದೆ ಅಂತ.