ಸಣ್ಣ ಜೇಬಿನ ದೊಡ್ಡ ಶಿಕಾರಿ: ಕೊಲೊರಾಡೊದಲ್ಲಿ ನಾನು ಲೆಕ್ಕ ಹಾಕುವ ರೀತಿ

ಬಜೆಟ್ ಆಮೇಲೆ. ಮೊದಲು ಒಂದು ಹಾಳೆ ತೆಗೆದುಕೊಂಡು, ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಿಮ್ಮಿಂದ ಆಗದ ಶಿಕಾರಿಗಳು ಯಾವುವು ಎಂದು ಬರೆಯಿರಿ. ನಾನು ಫೋರ್ಟ್ ಕಾಲಿನ್ಸ್‌ನ ಸಣ್ಣದೊಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಹಾಗಾಗಿ ಇದನ್ನು ಧರ್ಮಬೋಧೆ ಎಂದುಕೊಳ್ಳಬೇಡಿ, ಲೆಕ್ಕದ ಮಾತು ಎಂದೇ ತಿಳಿಯಿರಿ: ಆ ಹಾಳೆ ತುಂಬಿದ ಮೇಲೆ ಖರ್ಚಿನ ಬಹುಪಾಲು ತಾನಾಗಿಯೇ ಉದುರಿಹೋಗುತ್ತದೆ. ಅಮೆರಿಕದಲ್ಲಿ ದೊಡ್ಡ ಬೇಟೆಗೆ ಜನ ಸುರಿಯುವ ದುಡ್ಡು ಹೋಗುವುದು ಕೊಂಬಿಗೆ, ಮಾಂಸಕ್ಕಲ್ಲ.

ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಮರಸು, ಕಡವೆ, ಹಂದಿಯ ಪಾಲುಗಳ ಕಥೆ ಕೇಳುತ್ತಲೇ ಬೆಳೆದವಳು ನಾನು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಊರಿನಲ್ಲಿ ಅದು ಕಥೆಯಾಗಿಯೇ ಉಳಿಯಬೇಕು. ಕೋವಿಗೆ ಪರವಾನಗಿ ಇದ್ದರೆ ಕಾಡಿಗೆ ಹೋಗಬಹುದು ಎಂದುಕೊಂಡವರು ಇಲ್ಲಿಗೇ ಓದು ನಿಲ್ಲಿಸಿ. ಕೆಳಗಿನದೆಲ್ಲ ಅಮೆರಿಕಕ್ಕೆ, ಅದರಲ್ಲೂ ಕೊಲೊರಾಡೊಗೆ ಸಂಬಂಧಿಸಿದ್ದು.

ನನ್ನ ಹಾಳೆ ಹೀಗಿದೆ. ಬೇಲಿಯೊಳಗಿನ ಪ್ರಾಣಿ ಬೇಡ. ಕೊಂಬಿನ ಅಳತೆ ನೋಡಿ ಬೆಲೆ ಹಾಕುವ ಜಾಗ ಬೇಡ. ಹರಾಜಿನ ಟ್ಯಾಗ್ (ಒಂದು ಪ್ರಾಣಿಯನ್ನು ಹೊಡೆಯಲು ರಾಜ್ಯ ಕೊಡುವ ಪರವಾನಗಿ ಚೀಟಿ) ಬೇಡ. 2013ರಲ್ಲಿ ಮೊಂಟಾನಾದ ಒಂದೇ ಒಂದು ಬಿಗ್‌ಹಾರ್ನ್ ಕಾಡುಕುರಿಯ ಟ್ಯಾಗ್ 4,80,000 ಡಾಲರಿಗೆ ಹೋಯಿತು. ಆ ಹಣ ಕುರಿಗಳ ಸಂರಕ್ಷಣೆಗೇ ಹೋಗುತ್ತದೆ ಎಂಬುದು ನಿಜ, ತಕರಾರಿಲ್ಲ, ಆದರೆ ನಮ್ಮಂಥವರು ಆ ಕಡೆ ತಲೆ ಹಾಕುವ ಪ್ರಶ್ನೆಯೇ ಇಲ್ಲ. ಅಲಾಸ್ಕಾದ ಡಾಲ್ ಕಾಡುಕುರಿಯೂ ಬೇಡ: ಹೊರರಾಜ್ಯದವರು ಅದನ್ನು ಹೊಡೆಯಬೇಕಾದರೆ ಗೈಡ್ ಇರಲೇಬೇಕು, ಇಲ್ಲವೇ ಅಲಾಸ್ಕಾದಲ್ಲಿ ನೆಲೆಸಿದ ಹತ್ತಿರದ ಸಂಬಂಧಿ ಜೊತೆಗಿರಬೇಕು. ನನಗೆ ಅಲ್ಲಿ ಯಾವ ಅಣ್ಣನೂ ಇಲ್ಲ, ಗೈಡ್‌ಗೆ ಕೊಡುವ ದುಡ್ಡಿನಲ್ಲಿ ಒಂದು ಕಾರು ಬರುತ್ತದೆ.

ಹಾಳೆಯ ಮೇಲೆ ಕೃಷ್ಣಮೃಗವೂ ಇದೆ. ಟೆಕ್ಸಾಸ್‌ಗೆ 1930ರ ದಶಕದಲ್ಲಿ ತಂದು ಬಿಟ್ಟ ಕೃಷ್ಣಮೃಗ ಮತ್ತು ನಮ್ಮ ಚುಕ್ಕೆ ಜಿಂಕೆ ಇಂದು ಅಲ್ಲಿ ಸಾವಿರಾರು ಇವೆ. ಅವು ಹೊರಗಿನ ಪ್ರಾಣಿಗಳೆಂದು ಲೆಕ್ಕ. ಬೇಟೆಯ ಪರವಾನಗಿ ಮತ್ತು ಜಮೀನಿನ ಮಾಲೀಕರ ಒಪ್ಪಿಗೆ ಇದ್ದರೆ ವರ್ಷವಿಡೀ ಹೊಡೆಯಬಹುದು. ರಾಣೆಬೆನ್ನೂರಿನ ಬಯಲಿನಲ್ಲಿ ಅವು ಹಾರಿ ಓಡುವುದನ್ನು ಕಣ್ಣಾರೆ ನೋಡಿದ ನನಗೆ ಟೆಕ್ಸಾಸ್‌ನ ಕೃಷ್ಣಮೃಗವನ್ನು ದುರ್ಬೀನಿನಲ್ಲಿ ಹಿಡಿಯಲು ಮನಸ್ಸು ಬರುವುದಿಲ್ಲ. ಇದಕ್ಕೆ ತರ್ಕವಿಲ್ಲ. ಅದೇ ಟೆಕ್ಸಾಸ್‌ನಲ್ಲಿ, ಬೇಲಿಯಿಲ್ಲದ ಜಾಗದಲ್ಲಿ, ಸ್ಥಳೀಯ ಬಿಳಿಬಾಲದ ಜಿಂಕೆಯ ಮೇವಿಗೆ ಪಾಲುದಾರನಾಗಿರುವ ಚುಕ್ಕೆ ಜಿಂಕೆಯ ಹೆಣ್ಣನ್ನು ಹೊಡೆಯಲು ನನಗೆ ಅಡ್ಡಿಯಿಲ್ಲ. ನಿಮ್ಮ ಹಾಳೆಯಲ್ಲೂ ಇಂಥ ಒಂದೆರಡು ಅತಾರ್ಕಿಕ ಸಾಲುಗಳು ಇರಲಿ. ವಾದದಲ್ಲಿ ಗೆಲ್ಲಲಾಗದ ಸಾಲನ್ನು ಅಳಿಸಬೇಕಾಗಿಲ್ಲ.

ಇಷ್ಟು ಹೊಡೆದುಹಾಕಿದ ಮೇಲೆ ಉಳಿಯುವುದೇನು? ನನಗೆ ಉಳಿದದ್ದು ಎಲ್ಕ್. ನಮ್ಮ ಕಡವೆಯನ್ನು ಹೋಲುತ್ತದೆ, ಆದರೆ ಅದಕ್ಕಿಂತ ಭಾರಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಲೊರಾಡೊದಲ್ಲಿ ಎಲ್ಕ್ ಬಹುತೇಕ ಮುಗಿದೇಹೋಗಿತ್ತು. ವ್ಯೋಮಿಂಗ್‌ನಿಂದ ತಂದು ಬಿಟ್ಟು, ಕಾದು, ಬೆಳೆಸಿದ್ದರಿಂದ ಈಗ 3 ಲಕ್ಷದ ಆಸುಪಾಸಿನಲ್ಲಿವೆ. ಈ ಕೆಲಸದ ಖರ್ಚಿನ ದೊಡ್ಡ ಪಾಲು ಬೇಟೆಗಾರರ ಟ್ಯಾಗ್ ಶುಲ್ಕದಿಂದ ಬರುತ್ತದೆ. ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ತೋಟಾಗಳ ಮೇಲೆ ಹಾಕುವ ಶೇ. 11ರ ತೆರಿಗೆಯೂ ಇದೆ. ಕೊಲ್ಲುವವರೇ ಕಾಯುವವರೂ ಎಂಬ ಈ ಏರ್ಪಾಡು ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಆದರೆ ರಸೀದಿಯಲ್ಲಿ ಕಾಣುವ ಮಟ್ಟಿಗೆ ಅದು ಪ್ರಾಮಾಣಿಕವಾಗಿದೆ.

ಮೊದಲ ಕೆಲಸ ಕಾಗದಪತ್ರ

ವೀಸಾದ ಮೇಲೆ ಇರುವವರು ಈ ಭಾಗವನ್ನು ಗಮನವಿಟ್ಟು ಓದಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು. ಗೆಳೆಯನ ರೈಫಲ್ ಅನ್ನು ಕೈಯಲ್ಲಿ ಹಿಡಿಯುವ ಮೊದಲೇ ವಕೀಲರನ್ನು ಕೇಳಿ. ಆ ಶುಲ್ಕದಲ್ಲಿ ಮಾತ್ರ ಉಳಿತಾಯ ಬೇಡ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರೆಲ್ಲ ಕೊಲೊರಾಡೊದಲ್ಲಿ ಬೇಟೆ ಶಿಕ್ಷಣದ ಪ್ರಮಾಣಪತ್ರ ಪಡೆದಿರಬೇಕು. ರಾಜ್ಯದಲ್ಲಿ ಆರು ತಿಂಗಳು ನೆಲೆಸಿದವರಿಗೆ ನಿವಾಸಿ ದರ ಸಿಗುತ್ತದೆ. ವ್ಯತ್ಯಾಸ ಸಣ್ಣದಲ್ಲ: ನಿವಾಸಿಗೆ ಎಲ್ಕ್ ಟ್ಯಾಗ್ ಸುಮಾರು 70 ಡಾಲರ್, ಹೊರರಾಜ್ಯದವರಿಗೆ ಗಂಡು ಎಲ್ಕ್ ಟ್ಯಾಗ್ ಸುಮಾರು 800. ಟ್ಯಾಗ್ ಹಂಚುವ ಲಾಟರಿಗೆ, ಅಂದರೆ ಡ್ರಾಗೆ, ಅರ್ಜಿ ಹಾಕಲು ಮೊದಲು ಸಣ್ಣ ಬೇಟೆಯ ಪರವಾನಗಿಯಂಥದ್ದೊಂದನ್ನು ಕೊಳ್ಳಬೇಕು. ಅರ್ಜಿಯ ಕೊನೆಯ ದಿನ ಏಪ್ರಿಲ್‌ನ ಮೊದಲ ಮಂಗಳವಾರ. ಯುಗಾದಿಯ ಗಡಿಬಿಡಿಯಲ್ಲಿ ಮರೆಯಬೇಡಿ. ಎಲ್ಲ ಸೇರಿದರೂ ನಿವಾಸಿಯ ಕಾಗದದ ಖರ್ಚು 150 ಡಾಲರ್ ದಾಟುವುದಿಲ್ಲ.

ಪಾಯಿಂಟ್‌ಗಳ ವಿಷಯದಲ್ಲಿ ಎಚ್ಚರ. ಡ್ರಾದಲ್ಲಿ ಸಿಗದಿದ್ದರೆ ಒಂದು ಪಾಯಿಂಟ್ ಕೊಡುತ್ತಾರೆ, ಹೆಚ್ಚು ಪಾಯಿಂಟ್ ಕೂಡಿಟ್ಟವರಿಗೆ ಮೊದಲು ಟ್ಯಾಗ್. ನೋಡಲು ನಮ್ಮ ಊರಿನ ಚೀಟಿಯ ಹಾಗೆಯೇ, ಆದರೆ ಚೀಟಿ ಎತ್ತಲು ಬೇಕಾದ ಕಂತುಗಳು ವರ್ಷ ವರ್ಷವೂ ಏರುತ್ತಲೇ ಇರುತ್ತವೆ. ಹೆಸರಾಂತ ಯೂನಿಟ್‌ಗಳಿಗೆ (ಬೇಟೆಗೆಂದು ರಾಜ್ಯ ಗುರುತಿಸಿದ ವಲಯಗಳಿಗೆ) ಇಂದು ಸೇರಿಕೊಂಡವರ ಸರದಿ ಈ ಜನ್ಮದಲ್ಲಿ ಬಾರದೇ ಇರಬಹುದು. ಐದಾರು ರಾಜ್ಯಗಳಲ್ಲಿ, ನಾಲ್ಕಾರು ಪ್ರಾಣಿಗಳಿಗೆ ಪ್ರತಿ ವರ್ಷ ಪಾಯಿಂಟ್ ಕೊಳ್ಳುವವರನ್ನು ಬಲ್ಲೆ. ಆ ದುಡ್ಡಿನಲ್ಲಿ ಅವರು ಪ್ರತಿ ವರ್ಷ ಒಂದು ನಿಜವಾದ ಶಿಕಾರಿ ಮಾಡಬಹುದಿತ್ತು. ಕನಸಿನ ಪ್ರಾಣಿ ಒಂದೇ ಇರಲಿ, ಅದಕ್ಕೊಂದು ವಾರ್ಷಿಕ ಮಿತಿ ಇರಲಿ. ನನ್ನದು ಜಿಂಕೆ ಜಾತಿಯಲ್ಲೇ ದೈತ್ಯ ಎನಿಸಿದ ಕೊಲೊರಾಡೊದ ಮೂಸ್. ಬಂದರೆ ಬಂತು.

ಹೆಣ್ಣು ಎಲ್ಕ್ ಎಂಬ ಗಂಟು

ಕೊಂಬಿನ ಆಸೆ ಬಿಟ್ಟವರಿಗೆ ಬಾಗಿಲು ಅಗಲವಾಗಿ ತೆರೆಯುತ್ತದೆ. ಅನೇಕ ಯೂನಿಟ್‌ಗಳಲ್ಲಿ ಹೆಣ್ಣು ಎಲ್ಕ್ ಟ್ಯಾಗ್ ನಿವಾಸಿಗಳಿಗೆ ಪಾಯಿಂಟ್ ಇಲ್ಲದೆಯೇ ಸಿಗುತ್ತದೆ. ವ್ಯೋಮಿಂಗ್‌ನಲ್ಲಿ ಹೊರಗಿನವರಿಗೆ ಎಲ್ಕ್ ಟ್ಯಾಗ್ 692 ಡಾಲರ್, ಬೇಗ ಸಿಗಲಿ ಎಂದು ವಿಶೇಷ ದರ ಕೊಡುವವರಿಗೆ 1,950, ಹೆಣ್ಣು ಅಥವಾ ಮರಿಗಾದರೆ 288. ಇವು ನಾನು ಬರೆಯುವ ಹೊತ್ತಿನ ದರಗಳು; ಅರ್ಜಿ ಹಾಕುವ ಮುನ್ನ ನೋಡಿಕೊಳ್ಳಿ. ಹಿಂಡಿನ ಸಂಖ್ಯೆ ನಿಯಂತ್ರಣಕ್ಕೆ ಬರುವುದು ಹೆಣ್ಣುಗಳಿಂದ, ಆದ್ದರಿಂದಲೇ ರಾಜ್ಯಗಳು ಈ ಟ್ಯಾಗ್‌ಗಳನ್ನು ಅಗ್ಗವಾಗಿ ಕೊಡುತ್ತವೆ. ಲೆಕ್ಕ ಚೆನ್ನಾಗಿದೆ, ವಿಜ್ಞಾನವೂ ಚೆನ್ನಾಗಿದೆ.

ಆದರೆ ನಮ್ಮ ಅಜ್ಜನ ಕಟ್ಟುನಿಟ್ಟಿನ ನಿಯಮ ಒಂದೇ ಇತ್ತು: ಬಸುರಿಯನ್ನೂ ಮರಿಯಿರುವ ತಾಯಿಯನ್ನೂ ಹೊಡೆಯಬಾರದು. ಎಲ್ಕ್ ಬೆದೆಗೆ ಬರುವುದು ಸೆಪ್ಟೆಂಬರಿನಲ್ಲಿ, ಮರಿ ಹಾಕುವುದು ಮೇ ಕೊನೆ ಅಥವಾ ಜೂನ್‌ನಲ್ಲಿ. ಅಂದರೆ ರೈಫಲ್ ಸೀಸನ್ ಬರುವ ಹೊತ್ತಿಗೆ ಹೆಣ್ಣುಗಳಲ್ಲಿ ಹೆಚ್ಚಿನವು ಗರ್ಭ ಧರಿಸಿರುತ್ತವೆ, ಆ ವರ್ಷದ ಮರಿ ಇನ್ನೂ ಹಿಂಡಿನಲ್ಲೇ ಇರುತ್ತದೆ. ಅಜ್ಜನ ನಿಯಮವನ್ನು ಅಕ್ಷರಶಃ ಹಿಡಿದರೆ ಅಗ್ಗದ ಟ್ಯಾಗ್‌ನ ಪ್ರಶ್ನೆಯೇ ಇಲ್ಲ. ಬಿಟ್ಟುಬಿಟ್ಟರೆ ಹಾಳೆ ಬರೆದದ್ದು ಯಾಕೆ?

ನಾನು ಮಾಡಿಕೊಂಡ ರಾಜಿ ಇದು. ಡಿಸೆಂಬರ್, ಜನವರಿಗಳಲ್ಲಿ ಖಾಸಗಿ ಜಮೀನಿನ ಬೆಳೆಹಾನಿ ತಡೆಯಲು ಕೊಡುವ ತಡದ ಟ್ಯಾಗ್‌ಗಳು ಎಲ್ಲಕ್ಕಿಂತ ಸುಲಭ, ಆದರೆ ಆಗ ಒಳಗಿನ ಮರಿಗೆ ರೂಪ ಬಂದಿರುತ್ತದೆ. ಅವನ್ನು ನಾನು ತೆಗೆದುಕೊಳ್ಳುವುದಿಲ್ಲ. ಅಕ್ಟೋಬರ್ ನಡುವೆ ಐದೇ ದಿನ ಇರುವ ಮೊದಲ ರೈಫಲ್ ಸೀಸನ್‌ಗೆ ಮಾತ್ರ ಅರ್ಜಿ ಹಾಕುತ್ತೇನೆ. ಇನ್ನು ಮರಿಯ ವಿಷಯ. ಜೂನ್‌ನಲ್ಲಿ ಹುಟ್ಟಿದ ಮರಿ ಆ ಹೊತ್ತಿಗೆ ಮೇಯಲು ಕಲಿತು ಹಿಂಡಿನ ಜೊತೆ ಸಾಗಬಲ್ಲದು, ಆದರೂ ನಾನು ಮರಿಯಿಲ್ಲದ ಹೆಣ್ಣನ್ನೇ ಹುಡುಕುತ್ತೇನೆ. ಹಿಂಡು ಕಂಡಾಗ ರೈಫಲ್ ಎತ್ತಬೇಡಿ, ಬೈನಾಕ್ಯುಲರ್ ಎತ್ತಿ. ಮರಿ ಸದಾ ತಾಯಿಯ ಬಾಲಕ್ಕೆ ಅಂಟಿಕೊಂಡಿರುವುದಿಲ್ಲ. ಹತ್ತಿಪ್ಪತ್ತು ಮಾರು ದೂರದಲ್ಲಿ ತನ್ನ ಪಾಡಿಗೆ ಮೇಯುತ್ತಿರುತ್ತದೆ. ಹಿಂಡು ಕದಲಿದಾಗ ಮಾತ್ರ ತಾಯಿಯ ಪಕ್ಕಕ್ಕೆ ಓಡುತ್ತದೆ. ಅದರ ಮೂತಿ ಗಿಡ್ಡ, ಮುಖ ದುಂಡಗೆ. ದೊಡ್ಡ ಹೆಣ್ಣಿನ ಮುಖ ಉದ್ದವಾಗಿ ಇಳಿದಿರುತ್ತದೆ. ಯಾವ ಮರಿ ಯಾರ ಹಿಂದೆ ಹೋಯಿತು ಎಂದು ನೋಡುತ್ತ ಕುಳಿತರೆ ಕೆಲವೊಮ್ಮೆ ಅಷ್ಟರಲ್ಲೇ ಹಿಂಡು ಮರಗಳೊಳಗೆ ನುಗ್ಗಿ ಮಾಯವಾಗುತ್ತದೆ. ಆ ದಿನ ಖಾಲಿ ಕೈ. ರಾಜಿಯ ಬೆಲೆ ಅದು, ಟ್ಯಾಗ್ ಜೊತೆಗೆ ಅದನ್ನೂ ಕೊಡಬೇಕು.

ಇದನ್ನು ಓದಿದ ಕೊಡಗಿನ ಗೆಳತಿಯೊಬ್ಬಳು, ಹಾಗಾದರೆ ಗಂಡನ್ನೇ ಹೊಡೆ, ಕೊಂಬು ಕಾಡಿನಲ್ಲೇ ಬಿಟ್ಟು ಬಾ ಎಂದಳು. ಸರಿಯಾದ ಮಾತು, ಟ್ಯಾಗ್ ಸಿಕ್ಕಿದರೆ.

ಸಾಮಾನು

ರೈಫಲ್ ಹಳೆಯದಾದರೂ ಸಾಕು. .308 ಅಥವಾ .270 ಅಳತೆಯವು ಸುಲಭವಾಗಿ ಸಿಗುತ್ತವೆ, ತೋಟಾ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಉಳಿಸಿದ ದುಡ್ಡನ್ನು ಬೂಟಿಗೆ ಹಾಕಿ. ತೋಟಾ ತಾಮ್ರದ್ದಿರಲಿ: ಸೀಸದ ಗುಂಡು ಒಳಗೆ ಚೂರುಚೂರಾಗಿ ಮಾಂಸಕ್ಕೂ ಸೇರುತ್ತದೆ, ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳಿಗೂ ಸೇರುತ್ತದೆ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ. ತಾಮ್ರ ಸ್ವಲ್ಪ ದುಬಾರಿ, ಆದರೆ ಕಾಡಿನಲ್ಲಿ ಖರ್ಚಾಗುವುದು ಒಂದೆರಡು ತೋಟಾ ಮಾತ್ರ. ಮೈಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ತಲೆಗೆ ಅದೇ ಬಣ್ಣದ ಟೋಪಿ: ಇದು ಕಾನೂನು. ಮಿಕ್ಕ ಎಲೆಚಿತ್ತಾರದ ಬಟ್ಟೆಗೆ ದುಡ್ಡು ಹಾಕಬೇಡಿ. ವಸತಿಗೆ ರಾಷ್ಟ್ರೀಯ ಅರಣ್ಯದಲ್ಲಿ ಡೇರೆ ಹಾಕಿದರೆ ಬಹುತೇಕ ಕಡೆ ಬಾಡಿಗೆಯೇ ಇಲ್ಲ. ನಾನು ಹೋಗುವುದು ರೂಸ್‌ವೆಲ್ಟ್ ರಾಷ್ಟ್ರೀಯ ಅರಣ್ಯಕ್ಕೆ. ಪೆಟ್ರೋಲ್ ಒಂದು ಟ್ಯಾಂಕ್, ಊಟಕ್ಕೆ ಅವಲಕ್ಕಿ ಮತ್ತು ಚಟ್ನಿಪುಡಿ.

ಗುರಿಯ ದೂರವನ್ನು ಪೇಪರ್ ತಟ್ಟೆಯಿಂದ ನಿರ್ಧರಿಸಿ. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಊಟದ ತಟ್ಟೆಗಿಂತ ದೊಡ್ಡದು, ಆದರೆ ನೀವು ಎಂಟು ಇಂಚಿನ ತಟ್ಟೆಯನ್ನೇ ಕಟ್ಟಿ. ಮೇಜಿನ ಮೇಲೆ ರೈಫಲ್ ಒರಗಿಸಿ ಹೊಡೆದದ್ದು ಲೆಕ್ಕಕ್ಕಿಲ್ಲ. ಏದುಸಿರು ಬರುವಷ್ಟು ಓಡಿ, ನೆಲಕ್ಕೆ ಕುಳಿತು, ಮೊಣಕೈಯನ್ನು ಮೊಣಕಾಲಿಗೆ ಊರಿ ಐದು ಈಡು ಹೊಡೆಯಿರಿ. ಐದೂ ತಟ್ಟೆಯೊಳಗೆ ಬಿದ್ದ ದೂರ ಎಷ್ಟೋ ಅಷ್ಟೇ ನಿಮ್ಮ ಮಿತಿ. ನನ್ನದು 180 ಗಜ. ಅಂತರ್ಜಾಲದಲ್ಲಿ 800 ಗಜದ ಈಡು ತೋರಿಸುವವರು ಗಾಯಗೊಂಡು ಓಡಿಹೋದ ಪ್ರಾಣಿಗಳನ್ನು ತೋರಿಸುವುದಿಲ್ಲ.

ಬಿದ್ದ ಮೇಲೆ

ಕೆಲಸ ಶುರುವಾಗುವುದೇ ಆಗ. ಎಲ್ಕ್‌ನ ಚರ್ಮ ದಪ್ಪ, ಬಿಸಿ ಒಳಗೇ ನಿಲ್ಲುತ್ತದೆ. ತಡ ಮಾಡಿದರೆ ತೊಡೆಯ ಮೂಳೆಯ ಸುತ್ತ ಮಾಂಸ ಹುಳಿತು ನಾರುತ್ತದೆ, ಹೊರಗೆ ಹಿಮ ಬಿದ್ದಿದ್ದರೂ ಅಷ್ಟೇ. ಬೆನ್ನುಮೂಳೆಯ ಗೆರೆಯಿಂದ ಚರ್ಮ ಸೀಳಿ ಒಂದು ಮಗ್ಗುಲು ಬಿಡಿಸಿ, ಮುಂಗಾಲು, ಹಿಂಗಾಲು, ಬೆನ್ನಿನ ಮಾಂಸ ತೆಗೆದು ಬಟ್ಟೆಯ ಚೀಲಕ್ಕೆ ಹಾಕಿ ನೆರಳಿನಲ್ಲಿ ತೂಗುಹಾಕಿ, ಆಮೇಲೆ ಮಗುಚಿ. ಮುಂಗಾಲು ಮೈಗೆ ಸೇರುವಲ್ಲಿ ಮೂಳೆಯ ಕೀಲಿಲ್ಲ, ಚಾಕು ಸರಾಗವಾಗಿ ಸಾಗುತ್ತದೆ. ಹಿಂಗಾಲಿನ ಕೀಲನ್ನು ಮಾತ್ರ ಬೆರಳಿನಿಂದ ತಡವಿ ಹುಡುಕಬೇಕು. ಲಿಂಗದ ಗುರುತು ಒಂದು ಕಾಲಿಗೆ ಅಂಟಿಕೊಂಡೇ ಇರಲಿ, ಅಧಿಕಾರಿ ಕೇಳುತ್ತಾರೆ. ಒಂದು ಹಿಂಗಾಲು ಸುಮಾರು 25 ಕೆಜಿ. ಈ ಭಾರವನ್ನು ಹೊತ್ತು ರಸ್ತೆಗೆ ಎಷ್ಟು ಸಲ ನಡೆಯಬಲ್ಲಿರಿ ಎಂದು ಮನೆಯಲ್ಲೇ ಲೆಕ್ಕ ಹಾಕಿ, ಅದಕ್ಕಿಂತ ದೂರದಲ್ಲಿ ಈಡು ಹಾರಿಸಲೇಬೇಡಿ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ.

ಒಂದು ಹೆಣ್ಣಿನಿಂದ ಮೂಳೆ ಬಿಡಿಸಿದ ಮಾಂಸ 60ರಿಂದ 70 ಕೆಜಿ ಬರಬಹುದು. ಹಾಗೆಂದು ಮಾಂಸ ಅಗ್ಗವಾಗುತ್ತದೆ ಎಂದು ಮನೆಯವರನ್ನು ಒಪ್ಪಿಸಲು ಹೋಗಬೇಡಿ. ಕೊಲೊರಾಡೊದಲ್ಲಿ ಎಲ್ಕ್‌ಗೆ ಹೋದ ಐವರಲ್ಲಿ ಒಬ್ಬರಿಗೆ ಸಿಕ್ಕರೆ ಹೆಚ್ಚು. ಬೂಟು, ಫ್ರೀಜರ್, ಪೆಟ್ರೋಲ್ ಸೇರಿಸಿ ಭಾಗಿಸಿದರೆ ಅಂಗಡಿಯ ಮಾಂಸವೇ ಗೆಲ್ಲುತ್ತದೆ. ನನ್ನ ಗಂಡ ಸಸ್ಯಾಹಾರಿ, ಈ ಭಾಗಾಕಾರವನ್ನು ಮಾಡಿ ತೋರಿಸಿದವರೇ ಅವರು. ಫ್ರೀಜರ್ ಗ್ಯಾರೇಜಿನಲ್ಲಿದೆ.

ತಿನ್ನುವ ಮೊದಲು ತಲೆಯನ್ನು ವನ್ಯಜೀವಿ ಇಲಾಖೆಗೆ ಕೊಟ್ಟು ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಪರೀಕ್ಷೆ ಮಾಡಿಸಿ. ಜಿಂಕೆ ಜಾತಿಯ ಪ್ರಾಣಿಗಳ ಮಿದುಳನ್ನು ತಿನ್ನುವ ಈ ರೋಗ 1967ರಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದಲ್ಲೇ. ಮನುಷ್ಯರಿಗೆ ತಗುಲಿದ ದಾಖಲೆಯಿಲ್ಲ, ಆದರೂ ರೋಗವಿದ್ದ ಪ್ರಾಣಿಯ ಮಾಂಸ ತಿನ್ನಬೇಡಿ ಎಂಬುದೇ ಸಲಹೆ. ಫಲಿತಾಂಶ ಬರುವವರೆಗೆ ಪೊಟ್ಟಣಗಳನ್ನು ಬೇರೆ ಇಡಿ, ಯಾರಿಗೂ ಹಂಚಬೇಡಿ. ಆಮೇಲೆ ಹಂಚಲೇಬೇಕು, ಬೇಟೆಯ ಮಾಂಸವನ್ನು ಮಾರುವಂತಿಲ್ಲ, ಕೊಡಬಹುದು. ಕೊಡುವಾಗ ನಿಮ್ಮ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಪ್ರಾಣಿ, ಹೊಡೆದ ದಿನಾಂಕ ಬರೆದ ಚೀಟಿಗೆ ಸಹಿ ಹಾಕಿ ಜೊತೆಗೆ ಕೊಡಿ. ಕೊಬ್ಬು ಬಹಳ ಕಡಿಮೆ ಇರುವ ಮಾಂಸ, ಕಡುಬಿನ ಜೊತೆಗೆ ಸಾರು ಮಾಡುವವರು ಮೆಣಸು ಮುಂದಾಗಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬೇಕು ಎಂದೂ ಆ ಚೀಟಿಯಲ್ಲೇ ಬರೆದುಬಿಡಿ, ಇಲ್ಲದಿದ್ದರೆ ಪೊಟ್ಟಣ ಕೊಟ್ಟ ಮನೆಗಳಿಂದೆಲ್ಲ ಫೋನ್ ಬರುತ್ತದೆ.